ಮುಳ್ಳು ಏರುವ ಮೊದಲೇ ಸದ್ದು ಕೇಳಿ

ಹೋಳಿ ಹುಣ್ಣಿಮೆ ದಾಟಿತೆಂದರೆ ರಾಯಚೂರು ಜಿಲ್ಲೆಯಲ್ಲಿ ಬಿಸಿಲಿನದೇ ದರ್ಬಾರು. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿದರೆ ಇಲ್ಲಿ ಯಾರೂ ಬೆರಗಾಗುವುದಿಲ್ಲ. ಮುದುಕರನ್ನೋ ಬಾಣಂತಿಯನ್ನೋ ಕೂರಿಸಿಕೊಂಡು ಸಿರವಾರದಿಂದ ರಾಯಚೂರಿನ ಆಸ್ಪತ್ರೆಗೆ ಹೊರಟ ಕಾರು ಕಲ್ಲೂರಿನ ಆಚೆ ಆವಿ ಉಗುಳುತ್ತ ನಿಂತರೆ ಗತಿಯೇನು? ಅದಕ್ಕೇ ಎಂಜಿನ್ನಿನ ಸದ್ದಿಗೆ ಕಿವಿಗೊಡಿ ಎಂಬ ಮಾತನ್ನು ಬೇಸಿಗೆಗೆ ಮುಂಚೆಯೇ ಹೇಳಬೇಕಾಗಿದೆ.

ಬಹಳ ಮಂದಿ ಎಂಜಿನ್ನಿನ ಬಿಸಿ ತೋರಿಸುವ ಮೀಟರಿನ ಮುಳ್ಳನ್ನೇ ನಂಬಿರುತ್ತಾರೆ. ಎಂಜಿನ್ ತಂಪಾಗಿಡುವ ದ್ರವ, ಅಂದರೆ ಕೂಲೆಂಟ್, ತೀರಾ ಇಳಿದಾಗ ಸೆನ್ಸರ್ ಬರೀ ಗಾಳಿಯಲ್ಲಿ ಉಳಿದು ಮುಳ್ಳು ಸುಳ್ಳು ಹೇಳಬಹುದು. ಸದ್ದು ಎಷ್ಟೋ ಸಲ ಅದಕ್ಕೂ ಮೊದಲೇ ಬರುತ್ತದೆ. ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಎಂದರೆ ಕೊಳವೆಗೆ ಗಾಳಿ ಸೇರಿದೆ, ಬಹುಶಃ ಎಲ್ಲೋ ಸೋರುತ್ತಿದೆ. ಬೆಲ್ಟಿನ ಕಡೆ ಗರಗರ ಎಂದರೆ ವಾಟರ್ ಪಂಪಿನ ಬೇರಿಂಗ್ ಸವೆದಿರಬಹುದು. ಸುಂಯ್ ಎಂದರೆ ರೇಡಿಯೇಟರ್ ಕ್ಯಾಪ್ ಇಲ್ಲವೇ ಹೋಸ್ ಪೈಪ್ ನೋಡಿಸಿ. ಬಂದ್ ಮಾಡಿದ ಮೇಲೂ ಫ್ಯಾನ್ ತಿರುಗಿದರೆ ಗಾಬರಿ ಬೇಡ, ಹಲವು ಕಾರುಗಳಲ್ಲಿ ಅದು ಸಹಜ. ಎಂಜಿನ್ ಕಾದರೂ ಫ್ಯಾನ್ ಸದ್ದೇ ಇಲ್ಲದಿದ್ದರೆ ಆಗ ಹೆದರಬೇಕು. ಎಲ್ಲಕ್ಕಿಂತ ಕೆಟ್ಟದ್ದು, ಬೆಳಗ್ಗೆ ತಣ್ಣಗಿರುವ ಎಂಜಿನ್ ಚಾಲೂ ಮಾಡಿದ ಕೂಡಲೇ ಕೂಲೆಂಟ್ ಟ್ಯಾಂಕಿನಲ್ಲಿ ಎಡೆಬಿಡದೆ ಏಳುವ ಗುಳ್ಳೆ. ಹೆಡ್ ಗ್ಯಾಸ್ಕೆಟ್ ಹೋಗಿರುವ ಅನುಮಾನವದು. ಅಂಥ ಗಾಡಿ ಊರು ಬಿಡಬಾರದು.

ನಮ್ಮ ಭಾಗದಲ್ಲಿ ಕೇಡಿನ ಬೇರು ಇರುವುದು ಬೋರಿನ ನೀರಿನಲ್ಲಿ. ಕೂಲೆಂಟ್ ಇಳಿಯಿತೆಂದು ಹೊಲದ ಬೋರಿನಿಂದ ಒಂದು ಬಾಟಲಿ ಸುರಿಯುತ್ತೇವೆ. ಸ್ನಾನದ ಹಂಡೆಗೆ ಕಟ್ಟುವ ಬಿಳಿ ಪದರವೇ ರೇಡಿಯೇಟರಿನ ಸಣ್ಣ ಕೊಳವೆಗಳಿಗೂ ಕಟ್ಟುತ್ತದೆ. ಬಿಸಿ ಹೊರಹೋಗಲು ದಾರಿಯಿಲ್ಲ. ಗಾಡಿಗೆ ಹೇಳಿದ ಕೂಲೆಂಟ್, ಅದಕ್ಕೆ ಬೆರೆಸಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಇಷ್ಟೇ ಹಾಕಿ. ಹಳೆಯದನ್ನು ಚರಂಡಿಗೆ ಚೆಲ್ಲಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ ವಿಷ. ನಾಯಿ, ಆಡು, ಕರು ನೆಕ್ಕಿದರೆ ಜೀವಕ್ಕೇ ಸಂಚಕಾರ.

ಕಾದ ಎಂಜಿನ್ನಿನ ಕ್ಯಾಪಿಗೆ ಬಟ್ಟೆ ಸುತ್ತಿ ತಿರುಗಿಸುವವರನ್ನು ಕಂಡರೆ ಎದೆ ಝಲ್ಲೆನ್ನುತ್ತದೆ. ಮುಚ್ಚಿದ ಕ್ಯಾಪಿನ ಒತ್ತಡದಲ್ಲಿ ನೀರು ಸುಮಾರು 120 ಡಿಗ್ರಿವರೆಗೂ ಕುದಿಯದೆ ಇರುತ್ತದೆ. ಬಿಚ್ಚಿದ ಕ್ಷಣವೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ಮುಟ್ಟಲೇಬೇಡಿ.

ಈ ವಾರ ಒಂದು ಬೆಳಗ್ಗೆ ಎಸಿ, ಹಾಡು ಎಲ್ಲ ಆರಿಸಿ, ಗಾಜು ಇಳಿಸಿ, ಗಾಡಿ ಚಾಲೂ ಮಾಡಿ ಕಿವಿಗೊಡಿ. ಅನುಮಾನದ ಸದ್ದು ಬಂದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಮೆಕ್ಯಾನಿಕ್‌ಗೆ ಕೇಳಿಸಿ. ಗ್ಯಾರೇಜಿಗೆ ಹೋದಾಗ ಆ ಸದ್ದು ಬರದೆಯೂ ಇರಬಹುದು.