ಆರು ವೋಲ್ಟ್‌ನ ಅಭಿಮಾನ ಸಾಕು

ನಮ್ಮ ಮನೆಯ ಜಾವಾ ಮೈಸೂರಿನಲ್ಲೇ ಹುಟ್ಟಿದ್ದು. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಗಾಡಿಯನ್ನು ಅಪ್ಪ 1969ರಲ್ಲಿ ಕೊಂಡರು. ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು, ಗಾಡಿ ಮಾತ್ರ ಓಡುತ್ತಲೇ ಇದೆ. ಮೂರು ವರ್ಷದ ಹಿಂದೆ ಅದನ್ನು ಪುಣೆಗೆ ತಂದೆ. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರೆ ಸಾಕು, ಯಾರಾದರೊಬ್ಬರು ಹತ್ತಿರ ಬಂದು 'ಮೈಸೂರಿನದಾ ಸಾರ್?' ಎಂದು ಕನ್ನಡದಲ್ಲೇ ಮಾತಿಗಿಳಿಯುತ್ತಾರೆ. ಪರಊರಿನಲ್ಲಿ ಇದಕ್ಕಿಂತ ಖುಷಿ ಇನ್ನೇನು ಬೇಕು?

ಆದರೆ ಕಳೆದ ಮಳೆಗಾಲದಲ್ಲಿ ಸಾಸವಡದಿಂದ ಹಿಂದಿರುಗುವಾಗ ದಿವೆ ಘಾಟಿನಲ್ಲಿ ಕತ್ತಲಾಯಿತು. ವಾಹನಗಳ ಸಾಲಿನಲ್ಲಿ ನಿಧಾನಕ್ಕೆ ಇಳಿಯುತ್ತಿದ್ದೆ. ಎಂಜಿನ್ ವೇಗ ಇಳಿದಂತೆಲ್ಲ ಹೆಡ್‌ಲೈಟ್ ಎಣ್ಣೆದೀಪದಷ್ಟಾಯಿತು. ಹಿಂದಿನ ಕೆಂಪು ದೀಪದ ಗತಿ ಕೇಳುವುದೇ ಬೇಡ. ಹಿಂದೆ ಬರುತ್ತಿದ್ದ ಲಾರಿ ಕೊನೆ ಕ್ಷಣದಲ್ಲಿ ಬ್ರೇಕ್ ಹಾಕಿ ನಿಂತಿತು. 'ಕಾಣಿಸಲೇ ಇಲ್ಲ' ಎಂದ ಚಾಲಕ. ಅವನ ತಪ್ಪೇನೂ ಇರಲಿಲ್ಲ.

ಇದು ಕೆಟ್ಟ ಗಾಡಿಯ ಕಥೆಯಲ್ಲ, ಆ ಕಾಲದ ಲೆಕ್ಕಾಚಾರದ ಕಥೆ. ಈ ಜಾವಾದಲ್ಲಿರುವುದು 6 ವೋಲ್ಟ್, 45 ವಾಟ್‌ನ ಡೈನಮೊ. ನಿಂತಲ್ಲಿ ಎಂಜಿನ್ ತಿರುಗುತ್ತಿದ್ದರೆ ಅದು ಚಾರ್ಜ್ ಮಾಡುವುದೇ ಇಲ್ಲ. ಆಗ ದೀಪ, ಹಾರ್ನ್, ಬ್ರೇಕ್ ಲೈಟ್, ಕೊನೆಗೆ ಪ್ಲಗ್ಗಿನ ಕಿಡಿ ಕೂಡ ಪುಟ್ಟ ಬ್ಯಾಟರಿಯ ಮೇಲೇ ನಿಂತಿರುತ್ತದೆ. 6 ವೋಲ್ಟ್‌ನಲ್ಲಿ 35 ವಾಟ್ ಬಲ್ಬ್ ಸುಮಾರು 6 ಆಂಪಿಯರ್ ಎಳೆಯುತ್ತದೆ. ಹಳೆಯ ವೈರು, ಸವೆದ ಸ್ವಿಚ್, ತುಕ್ಕು ಹಿಡಿದ ಅರ್ಥಿಂಗ್ ಸೇರಿ ಅರ್ಧ ವೋಲ್ಟ್ ನುಂಗಿದರೂ ಬಲ್ಬಿನ ಬೆಳಕು ಕಾಲುಭಾಗದಷ್ಟು ಕುಸಿಯುತ್ತದೆ. 12 ವೋಲ್ಟ್ ಆದರೆ ಅಷ್ಟೇ ವಾಟ್‌ಗೆ 3 ಆಂಪಿಯರ್ ಸಾಕು. ಅದೇ ವೈರಿನಲ್ಲಿ ನಷ್ಟವೂ ಕಾಲು ವೋಲ್ಟ್‌ಗೆ ಇಳಿಯುತ್ತದೆ.

ಅಂದು ರಸ್ತೆಯಲ್ಲಿ ಎಲ್ಲರ ದೀಪವೂ ಮಂದವಾಗಿತ್ತು. ಇಂದು ಹಾಗಿಲ್ಲ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಹಗಲಲ್ಲೂ ಉರಿಯಲೇಬೇಕು. ಆ ಬೆಳಕಿನ ಸಂತೆಯಲ್ಲಿ ನಮ್ಮ ಹಳದಿ ಚುಕ್ಕೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಗಾಗಿ 12 ವೋಲ್ಟ್‌ಗೆ ಬದಲಿಸುತ್ತೇನೆಂದು ಗೆಳೆಯರಲ್ಲಿ ಹೇಳಿದೆ. 'ಒರಿಜಿನಲ್ ಹಾಳು ಮಾಡ್ತೀಯಾ?' ಎಂದು ಎಲ್ಲರೂ ಮುಗಿಬಿದ್ದರು. ಅವರ ಆತಂಕ ಸುಳ್ಳಲ್ಲ. 2021ರ ವಿಂಟೇಜ್ ವಾಹನ ನಿಯಮ 50 ವರ್ಷ ದಾಟಿದ ಗಾಡಿ ಮೂಲ ರೂಪದಲ್ಲಿರಬೇಕು ಎನ್ನುತ್ತದೆ. ಆದರೆ ಅದು ಬೊಟ್ಟು ಮಾಡುವುದು ಚಾಸಿ, ಬಾಡಿ, ಎಂಜಿನ್‌ನ ಮಾರ್ಪಾಡಿನ ಕಡೆಗೆ. ವೈರು, ಬಲ್ಬು ಆ ಮಾತಿಗೆ ಬರುವುದಿಲ್ಲ ಎಂದೇ ನನ್ನ ತಿಳಿವಳಿಕೆ.

ನನ್ನ ವಾದ ಇಷ್ಟೇ: ಮನೆಯ ಹಜಾರದಲ್ಲಿ ನಿಲ್ಲಿಸುವ ಗಾಡಿಗೆ ಆರು ವೋಲ್ಟ್ ಇರಲಿ. ರಸ್ತೆಗೆ ಇಳಿಯುವ ಗಾಡಿಗೆ ಬೆಳಕು ಬೇಕು. ಹೆಡ್‌ಲೈಟ್ ನಮಗೆ ದಾರಿ ಕಾಣಲಿಕ್ಕೆ ಮಾತ್ರವಲ್ಲ, ನಾವು ಇನ್ನೊಬ್ಬರಿಗೆ ಕಾಣಲಿಕ್ಕೂ ಇದೆ.

ಬದಲಿಸುವುದಕ್ಕೂ ಒಂದು ಮರ್ಯಾದೆ ಉಂಟು. ನಾನು ಮೊದಲು ಅರ್ಥಿಂಗ್ ಉಜ್ಜಿಸಿ, ಹೊಸ ವೈರಿಂಗ್ ಎಳೆಸಿ, ಫ್ಯೂಸ್ ಹಾಕಿಸಿದೆ. ದೀಪ ಅಷ್ಟಕ್ಕೇ ಎಷ್ಟೋ ಚುರುಕಾಯಿತು. ಆಮೇಲೆ ಡೈನಮೊ ಜಾಗಕ್ಕೆ 12 ವೋಲ್ಟ್‌ನ ಕಿಟ್ ಕೂರಿಸಿದೆ. ಜಾವಾದ ತವರಾದ ಚೆಕ್ ದೇಶದಲ್ಲೇ ಇಂಥವು ತಯಾರಾಗುತ್ತವೆ. ಬ್ಯಾಟರಿ, ಬಲ್ಬು, ಹಾರ್ನ್ ಎಲ್ಲವನ್ನೂ ಅದಕ್ಕೆ ತಕ್ಕಂತೆ ಬದಲಿಸಬೇಕಾಯಿತು. ಎಲ್ಲೂ ಹೊಸ ತೂತು ಕೊರೆಸಲಿಲ್ಲ. ಕಳಚಿದ ಡೈನಮೊ, ರೆಗ್ಯುಲೇಟರ್ ಎಣ್ಣೆ ಹಚ್ಚಿ ಡಬ್ಬಿಯಲ್ಲಿಟ್ಟಿದ್ದೇನೆ. ನಾಳೆ ಮಗಳಿಗೆ ಬೇಕೆನಿಸಿದರೆ ಒಂದು ದಿನದಲ್ಲಿ ಮರಳಿ ಜೋಡಿಸಬಹುದು. ಹೆಡ್‌ಲೈಟ್‌ಗೆ ಅಗ್ಗದ ಎಲ್‌ಇಡಿ ಹಾಕಿಸಲಿಲ್ಲ. ತಂತಿ ಬಲ್ಬಿಗೆಂದು ರೂಪಿಸಿದ ರಿಫ್ಲೆಕ್ಟರಿನಲ್ಲಿ ಅದರ ಬೆಳಕು ಚೆದುರಿ, ಎದುರಿನವರ ಕಣ್ಣು ಕುಕ್ಕುತ್ತದೆ. ಹಿಂದಿನ ದೀಪಕ್ಕೆ ಮಾತ್ರ ಎಲ್‌ಇಡಿ ಇದೆ.

ಊರು ಬಿಟ್ಟ ನಮಗೆ ಊರಿನ ವಸ್ತು ಇದ್ದ ಹಾಗೇ ಇರಬೇಕೆಂಬ ಹಟ ಸ್ವಲ್ಪ ಜಾಸ್ತಿ. ಅಳುಕುತ್ತಲೇ ಅಪ್ಪನಿಗೆ ಫೋನ್ ಮಾಡಿ ವಿಷಯ ಹೇಳಿದೆ. ಅವರು ನಕ್ಕುಬಿಟ್ಟರು. 'ಆ ದೀಪ ನಂಬ್ಕೊಂಡು ನಾನು ರಾತ್ರಿ ಗಾಡಿ ಓಡಿಸ್ತಲೇ ಇರ್ಲಿಲ್ಲ ಕಣೋ. ಆಗಲೇ ಇಂಥದ್ದು ಸಿಕ್ಕಿದ್ರೆ ಅವತ್ತೇ ಹಾಕಿಸ್ತಿದ್ದೆ' ಎಂದರು.

ಜುಲೈ ಎರಡನೇ ಭಾನುವಾರ ಜಾವಾ ದಿನ. ಈ ಸಲ ಸಂಜೆವರೆಗೂ ಎಲ್ಲರ ಜೊತೆಗಿದ್ದು, ಕತ್ತಲಾದ ಮೇಲೆ ನಿಶ್ಚಿಂತೆಯಿಂದ ಮನೆಗೆ ಬರುತ್ತೇನೆ.