ದುಡಿಮೆಯ ದಾರಿ: ಷೇರುಪೇಟೆಯ ಸರ್ಟಿಫಿಕೇಟಿನಿಂದ ನೌಕರಿ ಸಿಗುವುದೇ?

ಈ ಸಲ ಬಂದಿರುವ ಪತ್ರಗಳಲ್ಲಿ ಒಂದಕ್ಕೆ ತಡಮಾಡದೆ ಉತ್ತರ ಕೊಡಬೇಕಾಗಿದೆ. ಬರೆದಾಕೆ ಹಾವೇರಿ ಜಿಲ್ಲೆಯವರು. ಬಿ.ಕಾಂ. ಮುಗಿಸಿ ಹನ್ನೆರಡು ವರ್ಷವಾಯಿತು, ಇಬ್ಬರು ಮಕ್ಕಳು ಶಾಲೆಗೆ ಹೋಗುತ್ತಾರೆ. ಷೇರುಪೇಟೆಯ 'ಟೆಕ್ನಿಕಲ್ ಅನಾಲಿಸಿಸ್' ಕಲಿಸುವ ಸಂಸ್ಥೆಯೊಂದು ಮೂರು ತಿಂಗಳ ಪಾಠಕ್ಕೆ ಎಂಬತ್ತೈದು ಸಾವಿರ ರೂಪಾಯಿ ಕೇಳಿದೆಯಂತೆ. ಕೊನೆಯಲ್ಲಿ ಒಂದು ಸರ್ಟಿಫಿಕೇಟು. ಅದು ಕೈಗೆ ಬಂದರೆ ಮನೆಯಲ್ಲೇ ಕೂತು ದುಡೀಬಹುದು, ದೊಡ್ಡ ಕಂಪನಿಗಳೂ ಕರೀತಾವೆ ಅಂತ ಹೇಳಿದ್ದಾರಂತೆ. "ತವರಿನವರು ಕೊಟ್ಟ ಎರಡೆಳೆ ಸರ ಇದೆ. ಅಡ ಇಟ್ಟು ಸೇರಲೇ ಅಕ್ಕಾ?" ಎಂದು ಕೇಳಿದ್ದಾರೆ.

ಸರ ಬೀರುವಿನಲ್ಲೇ ಇರಲಿ ತಂಗಿ. ಯಾಕೆ ಅಂತ ಹೇಳುತ್ತೇನೆ. ಇದೇ ಪ್ರಶ್ನೆ ಬೇರೆ ಊರುಗಳ ಓದುಗರಿಂದಲೂ ಬಂದಿದೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಕಂಪನಿಯ ಲೆಕ್ಕಪತ್ರ, ಲಾಭ, ಸಾಲ ಎಲ್ಲ ನೋಡಿ ಷೇರಿನ ಯೋಗ್ಯತೆ ಅಳೆಯುವುದು ಒಂದು ಕ್ರಮ. ಅದನ್ನು ಬದಿಗಿಟ್ಟು, ಬೆಲೆ ದಿನದಿನಕ್ಕೆ ಹೇಗೆ ಏರಿತು, ಇಳಿಯಿತು, ಎಷ್ಟು ಕೈ ಬದಲಾಯಿತು ಎಂಬ ನಕ್ಷೆಯನ್ನೇ ನೋಡಿ ಮುಂದಿನ ನಡೆ ಊಹಿಸುವುದು ಇನ್ನೊಂದು. ತೆಂಗಿನ ತೋಟಕ್ಕೆ ಕಾಲಿಡದೆ, ಸಂತೆಯ ಧಾರಣೆಯನ್ನಷ್ಟೇ ಗಮನಿಸಿ ಕಾಯಿ ಕೊಂಡ ಹಾಗೆ. ಈ ಎರಡನೆಯದೇ ಟೆಕ್ನಿಕಲ್ ಅನಾಲಿಸಿಸ್. ಇಂದು ಎಲ್ಲರ ಫೋನಿನಲ್ಲೂ ಮಿನುಗುವ ಕೆಂಪು ಹಸಿರು 'ಕ್ಯಾಂಡಲ್' ನಕ್ಷೆ ಜಪಾನಿನಿಂದ ಬಂದದ್ದು. ಅಲ್ಲಿನ ಅಕ್ಕಿ ವ್ಯಾಪಾರಿಗಳ ಹೆಸರಿನೊಡನೆ ಅದು ಸೇರಿಕೊಂಡಿದೆ. ಅಮೆರಿಕದಲ್ಲಿ ಈ ವಿದ್ಯೆಗೆ ತಳಹದಿ ಹಾಕಿದವರು ಚಾರ್ಲ್ಸ್ ಡೌ ಎಂಬ ಪತ್ರಕರ್ತರು, ೧೯೦೨ರಲ್ಲಿ ತೀರಿಕೊಂಡರು. ಇದು ಶಾಸ್ತ್ರವೋ ಕಣಿಯೋ ಎಂಬ ಜಗಳ ಅರ್ಥಶಾಸ್ತ್ರಜ್ಞರಲ್ಲಿ ಇನ್ನೂ ಮುಗಿದಿಲ್ಲ. ೨೦೦೦ದಲ್ಲಿ ಆಂಡ್ರ್ಯೂ ಲೋ ಎಂಬ ಪ್ರಾಧ್ಯಾಪಕರೂ ಸಂಗಡಿಗರೂ ಗಣಕದಲ್ಲಿ ಪರೀಕ್ಷಿಸಿ, ಕೆಲವು ನಕ್ಷೆಗಳಲ್ಲಿ ಒಂದಿಷ್ಟು ತಿಳಿವಳಿಕೆ ಇರಬಹುದು ಎಂದರು. ಲಾಭ ಕಟ್ಟಿಟ್ಟ ಬುತ್ತಿ ಎಂದೇನೂ ಹೇಳಲಿಲ್ಲ.

ಈಗ ಸರ್ಟಿಫಿಕೇಟಿನ ವಿಚಾರ. ಹೆಸರು ಒಂದೇ ಆದರೂ ಕಾಗದಗಳ ಜಾತಿ ಬೇರೆ ಬೇರೆ. ಗೊಂದಲವೆಲ್ಲ ಇಲ್ಲಿಯದೇ.

ನಮ್ಮ ದೇಶದಲ್ಲಿ ಷೇರುಪೇಟೆಯ ಉಸ್ತುವಾರಿ ಸೆಬಿಯದು. "ಈ ಷೇರು ಕೊಳ್ಳಿ, ಅದನ್ನು ಮಾರಿ" ಎಂದು ಜನರಿಗೆ ಸಲಹೆ ಕೊಟ್ಟು ಹಣ ಪಡೆಯುವವರು ೨೦೧೪ರ ನಿಯಮಾವಳಿಯಂತೆ 'ರಿಸರ್ಚ್ ಅನಲಿಸ್ಟ್' ಎಂದು ಸೆಬಿಯಲ್ಲಿ ನೋಂದಾಯಿಸಿಕೊಳ್ಳಬೇಕು. ನಕ್ಷೆ ನೋಡಿ ಒಂದು ಕಂಪನಿಯ ಷೇರಿನ ಬಗ್ಗೆ ಹೇಳುವವರಿಗೂ ಇದು ತಪ್ಪದು. ಅದಕ್ಕೆ ಎನ್.ಐ.ಎಸ್.ಎಂ. ನಡೆಸುವ ಹದಿನೈದನೆಯ ಸರಣಿಯ ಪರೀಕ್ಷೆ ಪಾಸಾಗಬೇಕು. ನೂರಕ್ಕೆ ಅರವತ್ತು ಬರಬೇಕು, ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ, ಪ್ರಮಾಣಪತ್ರ ಮೂರು ವರ್ಷಕ್ಕೊಮ್ಮೆ ಹೊಸದಾಗಬೇಕು. ಮೊದಲು ಸ್ನಾತಕೋತ್ತರ ಓದು, ಇಲ್ಲವೇ ಪದವಿಯ ಜೊತೆ ಅನುಭವ ಕೇಳುತ್ತಿದ್ದರು. ೨೦೨೪ರ ಡಿಸೆಂಬರಿನ ತಿದ್ದುಪಡಿ ಅದನ್ನು ಪದವಿಗೆ ಇಳಿಸಿತು. ತಮಾಷೆಯೆಂದರೆ, ಈ ಪರೀಕ್ಷೆಯ ಪುಸ್ತಕದಲ್ಲಿ ನಕ್ಷೆಯ ಪಾಲು ತೀರ ಸಣ್ಣದು. ಬಹುಪಾಲು ಕಂಪನಿಯ ಲೆಕ್ಕಪತ್ರ ಓದುವ ವಿದ್ಯೆಯೇ. ಬಿ.ಕಾಂ. ಓದಿದವರಿಗೆ ಇದು ಒಳ್ಳೆಯ ಸುದ್ದಿ.

ಎರಡನೆಯದು ಅಂತರರಾಷ್ಟ್ರೀಯ ಪದವಿ, ಚಾರ್ಟರ್ಡ್ ಮಾರ್ಕೆಟ್ ಟೆಕ್ನಿಶಿಯನ್, ಚಿಕ್ಕದಾಗಿ ಸಿ.ಎಂ.ಟಿ. ಇದನ್ನು ಕೊಡುವ ಸಂಘ ೧೯೭೩ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿತು. ಮೂರು ಹಂತದ ಪರೀಕ್ಷೆ. ಪಾಸಾದರೂ ಮೂರು ವರ್ಷದ ಕೆಲಸದ ಅನುಭವ ತೋರಿಸದೆ ಪದವಿ ಹೆಸರಿನ ಮುಂದೆ ಬರುವುದಿಲ್ಲ. ಎಲ್ಲ ಹಂತದ ಶುಲ್ಕ ಡಾಲರಿನಲ್ಲಿ, ಸೇರಿಸಿದರೆ ಲಕ್ಷ ರೂಪಾಯಿ ದಾಟುತ್ತದೆ. ಇದಕ್ಕೆ ಬೆಲೆ ಇಲ್ಲವೆಂದಲ್ಲ. ಅಮೆರಿಕದಲ್ಲಿ ಟೆಕ್ನಿಕಲ್ ವರದಿ ಮಾತ್ರ ಬರೆಯುವವರಿಗೆ, ಮೊದಲೆರಡು ಹಂತ ಮುಗಿಸಿದ್ದರೆ ಅಲ್ಲಿನ ಕಡ್ಡಾಯ ಪರೀಕ್ಷೆಯ ಒಂದು ಭಾಗದಿಂದ ವಿನಾಯಿತಿಯೇ ಇದೆ. ಹೆಂಗಸರೂ ಈ ಕೆಲಸದಲ್ಲಿ ಹೆಸರು ಮಾಡಿದ್ದಾರೆ. ಲೂಯಿಸ್ ಯಮಾಡಾ ಅವರು ಸ್ಮಿತ್ ಬಾರ್ನಿಯಂಥ ದೊಡ್ಡ ಸಂಸ್ಥೆಯ ಟೆಕ್ನಿಕಲ್ ವಿಭಾಗದ ಮುಖ್ಯಸ್ಥರಾಗಿದ್ದವರು. ಆದರೆ ನಮ್ಮಲ್ಲಿ ಸಿ.ಎಂ.ಟಿ. ಇದ್ದ ಮಾತ್ರಕ್ಕೆ ಸೆಬಿಯ ಪರೀಕ್ಷೆ ತಪ್ಪುವುದಿಲ್ಲ. ದಲ್ಲಾಳಿ ಕಂಪನಿಯಲ್ಲಿ ಆಗಲೇ ಕೆಲಸದಲ್ಲಿದ್ದು ಮೇಲಕ್ಕೆ ಹೋಗಬೇಕೆನ್ನುವ ಹುಡುಗಿಗೆ ಅದು ಏಣಿ. ಇನ್ನೂ ಬಾಗಿಲಾಚೆ ನಿಂತವರಿಗೆ ಅಷ್ಟು ದುಡ್ಡು ಮೊದಲೇ ಸುರಿಯಿರಿ ಎಂದು ನಾನು ಹೇಳಲಾರೆ. ನಕ್ಷೆ ನೋಡುವುದನ್ನೇ ಕಸುಬಾಗಿ ಕೊಡುವ ಕುರ್ಚಿಗಳು ಹೆಚ್ಚಾಗಿ ಮುಂಬಯಿ, ಬೆಂಗಳೂರಿನಂಥ ಕಡೆ, ಅಲ್ಲಿಯೂ ಬೆರಳೆಣಿಕೆಯವು.

ಮೂರನೆಯದು ಪಾಠ ಹೇಳಿದ ಸಂಸ್ಥೆಯೇ ಅಚ್ಚು ಹಾಕಿಸಿ ಕೊಡುವ ಕಾಗದ. ಪಾಠ ಚೆನ್ನಾಗಿರಬಹುದು, ಬೇಡವೆನ್ನುವುದಿಲ್ಲ. ಆದರೆ ಆ ಕಾಗದದಿಂದ ಕಾನೂನಿನ ಯಾವ ಬಾಗಿಲೂ ತೆರೆಯುವುದಿಲ್ಲ. ನಮ್ಮ ತಂಗಿಗೆ ಎಂಬತ್ತೈದು ಸಾವಿರಕ್ಕೆ ಮಾರಲು ಹೊರಟಿರುವುದು ಇದನ್ನೇ.

"ಮನೆಯಲ್ಲೇ ಕೂತು ದುಡಿಯುವುದು" ಎಂಬ ಮಾತನ್ನು ಬಿಡಿಸಿ ನೋಡಿ. ನಿಮ್ಮದೇ ದುಡ್ಡು ಹಾಕಿ ಷೇರು ಕೊಂಡು ಮಾರಲು ಯಾವ ಸರ್ಟಿಫಿಕೇಟೂ ಬೇಡ, ಡೀಮ್ಯಾಟ್ ಖಾತೆ ಇದ್ದರೆ ಸಾಕು. ಸಂಬಳವಿಲ್ಲ, ಬಂಡವಾಳ ನಿಮ್ಮದೇ. ಅದಕ್ಕೆ ನೌಕರಿ ಎಂಬ ಹೆಸರು ಸಲ್ಲದು. ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ಮಾಡಿದವರ ಲೆಕ್ಕವನ್ನು ಸೆಬಿ ೨೦೨೪ರ ಸೆಪ್ಟೆಂಬರಿನಲ್ಲಿ ಹೊರಗಿಟ್ಟಿತು: ೨೦೨೧-೨೨ರಿಂದ ಮೂರು ವರ್ಷಗಳಲ್ಲಿ ಒಂದು ಕೋಟಿಗೂ ಮಿಕ್ಕಿದ ಜನರಲ್ಲಿ ನೂರಕ್ಕೆ ೯೩ ಮಂದಿ ಕಳೆದುಕೊಂಡರು. ತಲಾ ಸರಾಸರಿ ಎರಡು ಲಕ್ಷ ರೂಪಾಯಿಯಂತೆ, ಒಟ್ಟು ೧.೮ ಲಕ್ಷ ಕೋಟಿ ದಾಟಿತು. ನಾಲ್ಕು ವಾರದ ಕಿರಾಣಿಗೆ ಇಷ್ಟು ಅಂತ ಲೆಕ್ಕ ಇಟ್ಟು ಸಂಸಾರ ತೂಗಿಸುವವರು ನೀವು, ಈ ಲೆಕ್ಕ ನಿಮಗೆ ಅರ್ಥವಾಗುತ್ತದೆ.

ಇನ್ನೊಂದು ಮಾತು. ಪಾಠದ ನಡುವೆ "ಇವತ್ತು ಈ ಷೇರು ತಗೊಳ್ಳಿ" ಅಂದರೆ ಅದು ಪಾಠವಲ್ಲ, ಸಲಹೆ. ಅದಕ್ಕೆ ನೋಂದಣಿ ಬೇಕು. ಬರೀ ಪಾಠ ಹೇಳುವವರು ಹಿಂದಿನ ಮೂರು ತಿಂಗಳ ಬೆಲೆಗಳನ್ನು ತೋರಿಸಬಾರದೆಂದೇ ೨೦೨೫ರ ಜನವರಿಯಲ್ಲಿ ಸೆಬಿ ಸುತ್ತೋಲೆ ಹೊರಡಿಸಿತು. ಸೇರುವ ಮೊದಲು ಅವರ ನೋಂದಣಿ ಸಂಖ್ಯೆ ಕೇಳಿ, ಸೆಬಿಯ ಜಾಲತಾಣದಲ್ಲಿ ಹುಡುಕಿ ನೋಡಿ. ರಿಸರ್ಚ್ ಅನಲಿಸ್ಟರ ಸಂಖ್ಯೆ ಐ.ಎನ್.ಎಚ್. ಎಂದು ಶುರುವಾಗುತ್ತದೆ. ಕೇಳಿದ ಕೂಡಲೇ ಮುಖ ಸಿಂಡರಿಸಿದರೆ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡಿ.

ಹಾಗಾದರೆ ಏನು ಮಾಡಬೇಕು? ಎನ್.ಐ.ಎಸ್.ಎಂ. ಪರೀಕ್ಷೆಗಳ ಪುಸ್ತಕಗಳು ಅವರ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಮ್ಯೂಚುವಲ್ ಫಂಡ್ ವಿತರಕರಿಗೆಂದು ಇರುವ 'ಐದು-ಎ' ಪರೀಕ್ಷೆಯಿಂದ ಶುರು ಮಾಡಿ. ಶುಲ್ಕ ಸುಮಾರು ಒಂದೂವರೆ ಸಾವಿರ; ನೂರಕ್ಕೆ ಐವತ್ತು ಬಂದರೆ ಪಾಸು, ತಪ್ಪಿಗೆ ಅಂಕ ಕಳೆಯುವುದಿಲ್ಲ. ಮಕ್ಕಳು ಶಾಲೆಗೆ ಹೋದ ಮೇಲೆ ದಿನಕ್ಕೆ ಒಂದೂವರೆ ಗಂಟೆ ಓದಿದರೂ ಎರಡು ತಿಂಗಳಲ್ಲಿ ಕೂರಬಹುದು. ಆಮೇಲೆ ಆಂಫಿಯಲ್ಲಿ ನೋಂದಾಯಿಸಿಕೊಂಡರೆ ಊರಿನಲ್ಲೇ ಕೆಲಸ ಮಾಡಬಹುದು. ಕಮಿಷನ್ನು ನಿಧಾನಕ್ಕೆ ಬೆಳೆಯುವಂಥದ್ದು, ಮೊದಲ ವರ್ಷ ಕೈಖರ್ಚಿಗೂ ಸಾಲದಿರಬಹುದು, ಇದನ್ನು ಮನೆಯವರಿಗೆ ಮೊದಲೇ ಹೇಳಿಬಿಡಿ. ಹೊರಗೆ ಹೋಗಿ ದುಡಿಯಬಲ್ಲಿರಾದರೆ ಹುಬ್ಬಳ್ಳಿ, ದಾವಣಗೆರೆಯಂಥ ಊರುಗಳ ದಲ್ಲಾಳಿ ಕಚೇರಿಗಳಲ್ಲಿ ವಿಚಾರಿಸಿ. ಕಚೇರಿ ಕೆಲಸಕ್ಕೆ ಏಳನೆಯ ಸರಣಿ, ಡಿರೈವೇಟಿವ್ಸ್ ವಹಿವಾಟಿನ ಮೇಜಿಗೆ ಎಂಟನೆಯ ಸರಣಿ ಕೇಳುತ್ತಾರೆ. ಹನ್ನೆರಡು ವರ್ಷದ ಬಿಡುವಿನ ಬಗ್ಗೆ ಸಂದರ್ಶನದಲ್ಲಿ ಕೇಳಿಯೇ ಕೇಳುತ್ತಾರೆ. ಈ ವರ್ಷದ ತಾರೀಖಿರುವ ಸರ್ಟಿಫಿಕೇಟು ಆಗ ನಿಮ್ಮ ಪರವಾಗಿ ಮಾತಾಡುತ್ತದೆ. ನನ್ನ ಮಟ್ಟಿಗೆ ಅದರ ದೊಡ್ಡ ಉಪಯೋಗ ಇದೇ. ನಕ್ಷೆಯ ರುಚಿ ಹತ್ತಿದ್ದರೆ ಬಿಡಬೇಡಿ, ಕೆಲಸ ಸಿಕ್ಕ ಮೇಲೆ ಹದಿನೈದನೆಯ ಸರಣಿ ಬರೆಯಿರಿ. ಸಿ.ಎಂ.ಟಿ. ಮಾತು ಅದರ ನಂತರ.

ಮುಂಗಡವೆಂದು ಐದು ಸಾವಿರ ಕೊಟ್ಟಾಗಿದೆ ಎಂದು ಪತ್ರದ ಕೊನೆಗೆ ಸಣ್ಣಕ್ಷರದಲ್ಲಿ ಬರೆದಿದ್ದೀರಿ. ರಸೀದಿ ಹುಡುಕಿ ತೆಗೆದಿಡಿ. ಪಾಠ ಇನ್ನೂ ಶುರುವಾಗಿಲ್ಲವಾದ್ದರಿಂದ ಹಣ ಹಿಂದಿರುಗಿಸಿ ಎಂದು ಲಿಖಿತವಾಗಿ ಕೇಳಿ. ಹದಿನೈದು ದಿನದಲ್ಲಿ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ೧೯೧೫ಕ್ಕೆ ಫೋನು ಮಾಡಿ. ಬರೆದ ಪತ್ರದ ಒಂದು ಪ್ರತಿ ನಿಮ್ಮ ಹತ್ತಿರವೂ ಇರಲಿ.