ಅರ ಹಚ್ಚುವ ಮೊದಲು ಮಾದರಿ ಬಿಡಿಸೋಣ

ನಮ್ಮ ಅಸಂಗಿ ಕಡೆ ಹತ್ತನೇ ಇಯತ್ತೆ ಮುಗಿಸಿ ಗ್ಯಾರೇಜ್ ಸೇರುವ ಹುಡುಗರು ಇದ್ದೇ ಇರ್ತಾರ. ‘ಪೋರ್ಟ್ ದೊಡ್ಡದು ಮಾಡಿದಷ್ಟು ಪಿಕಪ್ ಹೆಚ್ಚು’ ಎಂಬುದು ಅವರ ನಂಬಿಕೆ. ಇದು ಅರ್ಧ ಸತ್ಯ. ವ್ಯಾಸ 2 ಪಟ್ಟಾದರೆ ಕ್ಷೇತ್ರಫಲ 4 ಪಟ್ಟು. ಸೆಕೆಂಡಿಗೆ ಅಷ್ಟೇ ಗಾಳಿ ಹರಿದರೆ ಅದರ ವೇಗ ಕಾಲು ಭಾಗಕ್ಕೆ ಇಳೀತದ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿಗಳನ್ನೇ ನೋಡ್ರಿ. ಅವು ಟೂ-ಸ್ಟ್ರೋಕ್. ಸಿಲಿಂಡರ್ ಗೋಡೆಯ ಕಿಂಡಿಗಳನ್ನು ಪಿಸ್ಟನ್ನೇ ತೆರೆದು ಮುಚ್ಚುತ್ತದೆ. ಹೊಗೆ ಹೋಗುವ ಕಿಂಡಿಯ ಮೇಲಂಚನ್ನು 1 ಮಿಲಿಮೀಟರ್ ಉಜ್ಜಿದರೂ ಅದು ಬೇಗ ತೆರೆದು ತಡವಾಗಿ ಮುಚ್ಚುತ್ತದೆ. ಉಜ್ಜಿದ ಲೋಹ ಮರಳಿ ಬರೋದಿಲ್ಲ. ಕಂಪ್ಯೂಟರಿನಲ್ಲಿ ಅಳಿಸಿ ಮತ್ತೆ ಬಿಡಿಸಬಹುದು.

ಆದ್ದರಿಂದ ಶಿಕ್ಷಕ ಬಾಂಧವರೇ, ಕಂಪ್ಯೂಟರ್ ತಾಸಿನಲ್ಲಿ ಬರೇ ಟೈಪಿಂಗ್ ಸಾಕು ಮಾಡೋಣ. ಉಚಿತವಾಗಿ ಸಿಗುವ ಫ್ರೀಕ್ಯಾಡ್‌ನಲ್ಲಿ ಮಕ್ಕಳು ಸಿಲಿಂಡರ್ ಬಿಡಿಸಲಿ, ಕಿಂಡಿ ಏರಿಸಿ ಇಳಿಸಿ ನೋಡಲಿ. ಕ್ಯಾಡ್ ತೋರಿಸುವುದು ಆಕಾರ ಮಾತ್ರ. ಗಾಳಿಯ ಹರಿವಿಗೆ ಬೇರೆ ಲೆಕ್ಕ ಬೇಕು, ಆ ಲೆಕ್ಕಕ್ಕೆ ಪ್ರಯೋಗದ ಒರೆಗಲ್ಲು ಬೇಕು. ಇದನ್ನೂ ಮಕ್ಕಳಿಗೆ ಹೇಳಲೇಬೇಕು.

ಗಡಿಭಾಗದ ನಮ್ಮ ಹುಡುಗರು ಮುಂದೆ ಐಟಿಐಗೆ ಹೋದಾಗ ಮರಾಠಿ, ಇಂಗ್ಲಿಷ್ ಪದ ಕಲೀಬಹುದು. ‘ಯಾಕೆ’ ಎಂದು ಕೇಳುವುದನ್ನು ಮಾತ್ರ ಕನ್ನಡದಾಗ, ನಮ್ಮ ತರಗತಿಯಲ್ಲೇ ಕಲೀಬೇಕು.